ಅಂಗಡಿಯ ವಹಿಯೂ ಯಂತ್ರದ ಬುದ್ಧಿಯೂ



ವ್ಯಾಪಾರದಿಂದ ಜೀವಿಸಿ, ವ್ಯಾಪಾರದಿಂದ ಬಂದುದರಲ್ಲಿ ಒಂದಂಶವನ್ನು ಲೋಕಶಿಕ್ಷಣಕ್ಕೆಂದು ಮೀಸಲಿರಿಸಿದ ಹಿರಿಯರೊಬ್ಬರ ಸ್ಮರಣಾರ್ಥವಾಗಿ ಶಿರಾಲಿಯಲ್ಲಿ ನಡೆಯುವ ಈ ಉಪನ್ಯಾಸಕ್ಕೆ ವ್ಯಾಪಾರವನ್ನೇ ವಿಷಯವಾಗಿ ಆರಿಸಿಕೊಳ್ಳುವುದು ಉಚಿತವೆಂದು ನನಗೆ ತೋರಿತು. ಅದರಲ್ಲಿಯೂ, ಮಹಾನಗರಗಳ ದೊಡ್ಡ ಸಂಸ್ಥೆಗಳಲ್ಲಿ ಈಗಾಗಲೇ ಬಳಕೆಗೆ ಬಂದು, ನಮ್ಮ ಅಂಗಡಿಗಳ ಹೊಸ್ತಿಲಿಗೆ ಇದೀಗ ಬಂದು ನಿಂತಿರುವ ಕೃತಕ ಬುದ್ಧಿಮತ್ತೆಯೆಂಬ ಸಾಧನವನ್ನು ಸಣ್ಣ ಉದ್ಯಮಿಯು ಯಾವ ಕೆಲಸದಿಂದ ಆರಂಭಿಸಿ, ಯಾವ ಎಚ್ಚರಿಕೆಯೊಡನೆ, ಯಾರ ಜೊತೆಗೂಡಿ ತನ್ನದಾಗಿಸಿಕೊಳ್ಳಬೇಕೆಂಬ ಪ್ರಶ್ನೆಯನ್ನು ನಾನು ಎತ್ತಿಕೊಂಡಿದ್ದೇನೆ.

ಸಣ್ಣ ಉದ್ಯಮವೆಂದರೆ ಯಾವುದು? 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಸರಕಾರದ ವ್ಯಾಖ್ಯೆಯ ಪ್ರಕಾರ, ಯಂತ್ರೋಪಕರಣಗಳ ಮೇಲಿನ ಹೂಡಿಕೆ 2.5 ಕೋಟಿ ರೂಪಾಯಿಯನ್ನೂ ವಾರ್ಷಿಕ ವಹಿವಾಟು 10 ಕೋಟಿಯನ್ನೂ ಮೀರದ ಉದ್ಯಮವು ಸೂಕ್ಷ್ಮವೆನಿಸುತ್ತದೆ. ನನ್ನ ಮನಸ್ಸಿನಲ್ಲಿರುವವರು ಈ ಸೂಕ್ಷ್ಮದಲ್ಲಿಯೂ ಸೂಕ್ಷ್ಮರಾದವರು: ಅಳ್ವೆಕೋಡಿ, ತೆಂಗಿನಗುಂಡಿಗಳಲ್ಲಿ ದೋಣಿಯಿಂದ ಮೀನು ಹಿಡಿಸಿಕೊಂಡು ಪೇಟೆಗೆ ಕಳುಹಿಸುವವರು, ಕಾಸರಕೋಡ ಟೊಂಕದಲ್ಲಿ ಒಣಮೀನು ಮಾಡುವ ಹೆಂಗಸರು, ಮುರ್ಡೇಶ್ವರದಲ್ಲಿ ಯಾತ್ರಿಕರಿಗೆ ನಾಲ್ಕು ಕೋಣೆ ಬಾಡಿಗೆಗೆ ಕೊಡುವವರು, ಬೇಸಗೆಯಲ್ಲಿ ಕುಮಟೆಯ ಹೆದ್ದಾರಿಯಂಚಿಗೆ ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗಹಾಕಿ ಕುಳಿತುಕೊಳ್ಳುವವರು, ಹಪ್ಪಳ, ಉಪ್ಪಿನಕಾಯಿ, ಮುರುಗಲು ಪಾನಕಗಳ ಗೃಹೋದ್ಯಮ ನಡೆಸುವವರು, ಮತ್ತು ಊರೂರಿನ ಕಿರಾಣಿ ಅಂಗಡಿಯವರು.

ಯಂತ್ರದ ಮಾತಿಗೆ ಬರುವ ಮೊದಲು ನಮ್ಮ ಕರಾವಳಿಯ ಒಂದು ಹಳೆಯ ವೃತ್ತಾಂತವನ್ನು ನೆನೆಯಬೇಕಾದದ್ದುಂಟು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ದೊರೆಯದಂತಾದಾಗ, ಧಾರವಾಡ ಸೀಮೆಯ ಹತ್ತಿಯು ಬಂಡಿಗಳಲ್ಲಿ ದೇವಿಮನೆ ಘಟ್ಟವನ್ನಿಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಮುಂಬಯಿಗೂ ಮುಂಬಯಿಯಿಂದ ಇಂಗ್ಲೆಂಡಿಗೂ ಸಾಗಿತು. ಕುಮಟೆಯಲ್ಲಿ ಹತ್ತಿ ಬೆಳೆಯದಿದ್ದರೂ, ಅದು ಹಡಗೇರುತ್ತಿದ್ದ ಬಂದರಿನ ಹೆಸರೇ ವಿದೇಶದ ಪೇಟೆಗಳಲ್ಲಿ ಆ ಹತ್ತಿಯ ಹೆಸರಾಯಿತು. ಆದರೆ 1880ರ ದಶಕದ ಉತ್ತರಾರ್ಧದಲ್ಲಿ ಗೋವೆಯ ಮಾರ್ಮಗೋವಾ ಬಂದರಿಗೂ ಹುಬ್ಬಳ್ಳಿ-ಧಾರವಾಡ ಕಡೆಗೂ ರೈಲುಮಾರ್ಗ ಕೂಡಿಕೊಂಡದ್ದೇ ತಡ, ಘಟ್ಟವನ್ನಿಳಿಯುತ್ತಿದ್ದ ಬಂಡಿಗಳ ಸಾಲು ಕ್ಷೀಣಿಸಿತು, ಕುಮಟೆಯ ಹತ್ತಿ ವ್ಯಾಪಾರ ಅಸ್ತಂಗತವಾಯಿತು. ಕುಮಟೆಯ ವರ್ತಕರು ಆಲಸಿಗಳಾಗಿರಲಿಲ್ಲ; ಅವರ ಲೆಕ್ಕದಲ್ಲಿ ಮೋಸವಿರಲಿಲ್ಲ; ಸರಕು ಹೋಗುವ ದಾರಿಯೇ ಬೇರೆಯಾಯಿತು. ಆ ಊರಿಗೆ ರೈಲು ಬರಬೇಕಾದರೆ ಮತ್ತೆ ಸುಮಾರು ನೂರು ವರ್ಷ ಕಾಯಬೇಕಾಯಿತು. ಕೊಂಕಣ ರೈಲ್ವೆಯ ಮಾರ್ಗ ಪೂರ್ಣವಾದದ್ದು 1998ರಲ್ಲಿ.

ಈ ವೃತ್ತಾಂತದಿಂದ ನಾನು ಪಡೆಯುವ ಪ್ರಶ್ನೆ ಇದು: ಹೊಸ ಸಾಧನವೊಂದು ಬಂದಾಗ ಬದಲಾಗುತ್ತಿರುವುದು ನಾವು ಮಾಡುವ ಕೆಲಸವೋ, ಗಿರಾಕಿಯು ನಮ್ಮಲ್ಲಿಗೆ ಬರುವ ದಾರಿಯೋ? ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಎರಡೂ ಬದಲಾಗುತ್ತಿವೆ. ಹುಬ್ಬಳ್ಳಿಯಿಂದ ಮುರ್ಡೇಶ್ವರಕ್ಕೆ ಹೊರಟ ಕುಟುಂಬವು ಹಿಂದೆ ರಸ್ತೆಬದಿಯ ಫಲಕವನ್ನು ನೋಡಿ ಊಟಕ್ಕೆ ನಿಲ್ಲುತ್ತಿತ್ತು. ಈಗ ಕಾರಿನಲ್ಲಿ ಕುಳಿತೇ ಮೊಬೈಲನ್ನು ಕೇಳುತ್ತದೆ. ಮೊಬೈಲು ಹೇಳುವ ಉತ್ತರದಲ್ಲಿ ನಮ್ಮ ಖಾನಾವಳಿಯ ಹೆಸರಿರಬೇಕಾದರೆ, ಅದರ ಹೆಸರು, ಸ್ಥಳ, ತೆರೆದಿರುವ ವೇಳೆ, ಸೋಮವಾರ ಮೀನಿನ ಊಟ ಉಂಟೇ ಇಲ್ಲವೇ ಎಂಬ ವಿವರ ಇವೆಲ್ಲ ನಕ್ಷೆಯ ತಾಣಗಳಲ್ಲಿ ಸರಿಯಾಗಿ ಬರೆದಿರಬೇಕು. ಹಣ ಖರ್ಚಿಲ್ಲದೆ ಒಂದು ಮಧ್ಯಾಹ್ನದಲ್ಲಿ ಆಗುವ ಕೆಲಸವಿದು. ಇದನ್ನು ಮಾಡಿಸದೆ ಬೇರಾವ ಯಂತ್ರಬುದ್ಧಿಯನ್ನು ಕೊಂಡರೂ ಅದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಇನ್ನು ಕೆಲಸದ ವಿಚಾರ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ಜನಸಾಮಾನ್ಯರ ಬಾಯಲ್ಲಿ ಕೃತಕ ಬುದ್ಧಿಮತ್ತೆಯೆಂದರೆ ಪ್ರಶ್ನೆ ಕೇಳಿದರೆ ಉತ್ತರ ಬರೆಯುವ ಯಂತ್ರವೆಂಬ ಅರ್ಥ ನೆಲೆಗೊಂಡಿದೆ. ಅಪಾರವಾದ ಬರಹರಾಶಿಯನ್ನು ಓದಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಸಂಭವನೀಯವೆಂಬುದನ್ನು ಅದಕ್ಕೆ ಕಲಿಸಿರುತ್ತಾರೆ. ಆದಕಾರಣ ಅದರ ವಾಕ್ಯ ಯಾವಾಗಲೂ ನಯವಾಗಿರುತ್ತದೆ. ಸತ್ಯವಾಗಿರುವುದೆಂಬ ಭರವಸೆ ಮಾತ್ರ ಇಲ್ಲ. ಕುಮಟಾ ಮಾರುಕಟ್ಟೆಯಲ್ಲಿ ಇಂದು ಅಡಿಕೆಯ ಹಳೆ ಚಾಲಿಗೆ ಎಷ್ಟು, ಕೋಕಾಕ್ಕೆ ಎಷ್ಟು, ಚಿಪ್ಪಿಗೆ ಎಷ್ಟು ಎಂದು ಕೇಳಿದರೆ, ಆ ದಿನದ ಧಾರಣೆಯನ್ನು ಅದು ನೋಡಿರದಿದ್ದಾಗಲೂ, ತಿಳಿಯದೆಂದು ಒಪ್ಪಿಕೊಳ್ಳುವ ಬದಲು ನಂಬುವಂತಹ ಒಂದು ಅಂಕಿಯನ್ನು ಹೇಳಿಬಿಡುವುದುಂಟು. ಅಡಿಕೆಯ ದಲಾಲಿಗೆ ಆ ತಪ್ಪು ಕ್ಷಣದಲ್ಲಿ ಗೊತ್ತಾಗುತ್ತದೆ, ಹೊಸಬನಿಗೆ ಗೊತ್ತಾಗುವುದಿಲ್ಲ. ಆರಂಭಿಸತಕ್ಕ ಕ್ರಮಕ್ಕೆ ಇದರಿಂದಲೇ ಒಂದು ಸೂತ್ರ ದೊರೆಯುತ್ತದೆ: ಯಾವ ಕೆಲಸದಲ್ಲಿ ಯಂತ್ರ ತಪ್ಪಿದರೆ ಮಾಲೀಕನ ಕಣ್ಣಿಗೆ ಒಡನೆಯೇ ಬೀಳುವುದೋ, ಆ ಕೆಲಸವನ್ನೇ ಮೊದಲು ಅದಕ್ಕೆ ಒಪ್ಪಿಸಬೇಕು.

ಇದಕ್ಕೆ ನಾನು ಹತ್ತಿರದಿಂದ ಕಂಡ ಒಂದು ನಿದರ್ಶನವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಈ ಕಡೆಯ ಒಂದು ಹಳ್ಳಿಯಲ್ಲಿ ಅತ್ತೆ-ಸೊಸೆಯರಿಬ್ಬರು ಸೇರಿ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಾರದ ಸಣ್ಣ ಉದ್ಯಮ ನಡೆಸುತ್ತಾರೆ. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿ ನೆಲಸಿದ ನಮ್ಮವರೇ. ಅವರು ವಾಟ್ಸಾಪಿನಲ್ಲಿ ಬರೆಯುವುದು ಕಡಿಮೆ, ಧ್ವನಿಸಂದೇಶ ಕಳುಹಿಸುವುದೇ ಹೆಚ್ಚು. “ಅತ್ತೇ, ಹೋದ ಸಲ ಕೊಟ್ರಲ್ಲ, ಅದೇ ನಮೂನೆ, ಖಾರ ಸ್ವಲ್ಪ ಕಡಿಮೆ ಇರ್ಲಿ, ಎರಡು ಕೆಜಿ ಸಾಕು, ಶನಿವಾರ ನಮ್ಮ ಅಣ್ಣ ಬಂದು ತಗೊಂಡು ಹೋಗ್ತಾ” ಎಂಬ ರೀತಿಯ ಮಾತುಗಳು ದಿನಕ್ಕೆ ಹತ್ತಾರು ಬರುತ್ತವೆ. ಅವನ್ನು ಕೇಳಿ ಕೇಳಿ ನೋಟುಬುಕ್ಕಿಗೆ ಇಳಿಸುವುದರಲ್ಲಿಯೇ ಸೊಸೆಯ ರಾತ್ರಿ ಕಳೆಯುತ್ತಿತ್ತು. ಮೇಲಿನ ‘ಹೋದ ಸಲ’ ಯಾವುದೆಂದು ಹುಡುಕುವುದಕ್ಕೆ ಹಳೆಯ ಪುಟಗಳನ್ನೆಲ್ಲ ತಿರುವಬೇಕಾಗುತ್ತಿತ್ತು.

ಪದವಿ ಮುಗಿಸಿದ ಆ ಮನೆಯ ಮಗಳು ಮಾಡಿಕೊಟ್ಟ ವ್ಯವಸ್ಥೆ ಇಷ್ಟೇ. ಧ್ವನಿಯನ್ನು ಯಂತ್ರ ಕನ್ನಡ ಅಕ್ಷರಕ್ಕೆ ಇಳಿಸುತ್ತದೆ. ಅದರಿಂದ ಹೆಸರು, ಸರಕು, ತೂಕ, ತಾರೀಖು ಎಂಬ ನಾಲ್ಕು ಅಂಕಣಗಳ ಪಟ್ಟಿ ಮಾಡುತ್ತದೆ. ಸೊಸೆಯು ಧ್ವನಿಯನ್ನು ಒಮ್ಮೆ ಕೇಳಿ ಪಟ್ಟಿಯೊಡನೆ ಹೋಲಿಸಿ ಗುರುತು ಹಾಕುತ್ತಾಳೆ. ಮೊದಮೊದಲು ‘ಮುರುಗಲು’ ಎಂಬುದು ಪಟ್ಟಿಯಲ್ಲಿ ‘ಮರಗಳು’ ಆಗಿ, ‘ಮಿಡಿ’ಯು ‘ಮಡಿ’ಯಾಗಿ ಕಾಣಿಸಿಕೊಳ್ಳುತ್ತಿತ್ತು. ಎರಡು ಕಿಲೋ ಮರಗಳು ಬೇಕೆಂದು ಯಾರೂ ಕೇಳಲಾರರಾದ್ದರಿಂದ ತಪ್ಪು ಆ ಕ್ಷಣವೇ ತಿಳಿಯುತ್ತಿತ್ತು. ತಾವು ಮಾರುವ ಸರಕುಗಳ ಹೆಸರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಸಲವೂ ಯಂತ್ರಕ್ಕೆ ಅದನ್ನು ಮೊದಲು ಓದಿಸಿ ಆಮೇಲೆ ಧ್ವನಿಯನ್ನು ಕೊಡತೊಡಗಿದ ಮೇಲೆ ಇಂಥ ತಪ್ಪುಗಳು ಬಹುಮಟ್ಟಿಗೆ ನಿಂತವು. ಉಪ್ಪಿನಕಾಯಿಯ ಪಾಕವನ್ನು ಯಂತ್ರ ಮುಟ್ಟಿಲ್ಲ. ಅದು ಅತ್ತೆಯ ಕೈಯಲ್ಲಿಯೇ ಇದೆ.

ಅದೇ ಮನೆಯಲ್ಲಿ ಇನ್ನೊಂದು ಪ್ರಸಂಗವೂ ನಡೆಯಿತು. ಬಾಟಲಿಯ ಮೇಲಿನ ಚೀಟಿಗೆ ನಾಲ್ಕು ವಾಕ್ಯ ಬರೆದುಕೊಡೆಂದು ಕೇಳಿದಾಗ ಯಂತ್ರವು ಬಹು ಸೊಗಸಾಗಿ ಬರೆದು, ಕೊನೆಯಲ್ಲಿ ಮುರುಗಲು ಸಾರವು ಮಧುಮೇಹವನ್ನು ಗುಣಪಡಿಸುತ್ತದೆಂಬ ಮಾತನ್ನು ತಾನಾಗಿಯೇ ಸೇರಿಸಿತ್ತು. ಆಹಾರಪದಾರ್ಥವು ರೋಗವನ್ನು ವಾಸಿಮಾಡುವುದೆಂದು ಸಾರಿ ಮಾರುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳಲ್ಲಿ ಅವಕಾಶವಿಲ್ಲ. ಕೇಳದೆ ಬಂದ ಆ ವಾಕ್ಯವು ಅಚ್ಚಾಗಿ ಹೋಗಿದ್ದರೆ ದಂಡ ತೆರಬೇಕಾದವರು ಆ ಅತ್ತೆ-ಸೊಸೆಯರೇ. ಯಂತ್ರವನ್ನು ಮಾಡಿದವರು ಯಾರೂ ಶಿರಾಲಿಗೆ ಬರುತ್ತಿರಲಿಲ್ಲ. ಚೀಟಿಯಾಗಲಿ, ಜಾಹೀರಾತಾಗಲಿ, ಜಿಎಸ್‌ಟಿಯ ಪತ್ರಕ್ಕೆ ಉತ್ತರವಾಗಲಿ, ಅಂಗಡಿಯ ಹೆಸರಿನಲ್ಲಿ ಹೊರಗೆ ಹೋಗುವ ಪ್ರತಿಯೊಂದು ಬರಹವನ್ನೂ ಮನುಷ್ಯನೊಬ್ಬನು ಮೊದಲಿನಿಂದ ಕೊನೆಯವರೆಗೆ ಓದಿಯೇ ಕಳುಹಿಸತಕ್ಕದ್ದು.

ಈಗ ಕಿರಾಣಿ ಅಂಗಡಿಯ ವಹಿಗೆ ಬರುತ್ತೇನೆ. ಯಾವ ಸರಕು ಯಾವಾಗ ಎಷ್ಟು ತರಿಸಬೇಕೆಂಬುದನ್ನು ಹಿಂದಿನ ಮಾರಾಟದಿಂದ ಊಹಿಸಿ ಹೇಳುವುದು ಈ ಯಂತ್ರಗಳಿಂದ ಆಗತಕ್ಕ ದೊಡ್ಡ ಉಪಕಾರವೆಂದು ಎಲ್ಲ ಕಡೆಯೂ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಊಹೆಗೆ ಆಧಾರವಾದ ಕಿರ್ದಿಯೇ ಇಲ್ಲದ ಅಂಗಡಿಯಲ್ಲಿ ಯಂತ್ರ ಏನನ್ನು ಓದೀತು? ನಮ್ಮಲ್ಲಿ ಎಷ್ಟೋ ಅಂಗಡಿಗಳಲ್ಲಿ ಉದ್ರಿಯ ಲೆಕ್ಕ ಮಾತ್ರ ಬರಹದಲ್ಲಿದ್ದು, ರೋಖಿನ ಮಾರಾಟವೆಲ್ಲ ಸಂಜೆಯ ಗಲ್ಲೆಯ ಮೊತ್ತವೊಂದರಲ್ಲಿ ಮುಗಿದುಹೋಗುತ್ತದೆ. ಒಂದು ವರ್ಷ ಕಾಲ ಮುಖ್ಯವಾದ ಇಪ್ಪತ್ತು ಮೂವತ್ತು ಸರಕುಗಳ ದಿನವಹಿ ಮಾರಾಟವನ್ನು ತಪ್ಪದೆ ಬರೆದಿಡುವುದೇ ಕೃತಕ ಬುದ್ಧಿಮತ್ತೆಗೆ ಮಾಡಿಕೊಳ್ಳುವ ಮುಖ್ಯ ಸಿದ್ಧತೆ.

ಹಾಗೆ ಬರೆಯುವಾಗ ತಾರೀಖಿನ ಪಕ್ಕದಲ್ಲಿ ತಿಥಿಯನ್ನೂ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಪೇಟೆ ನಡೆಯುವುದು ಇಂಗ್ಲಿಷ್ ಕ್ಯಾಲೆಂಡರಿನ ಮೇಲಲ್ಲವಷ್ಟೆ. ಚೌತಿಯು 2024ರಲ್ಲಿ ಸೆಪ್ಟೆಂಬರ್ 7ಕ್ಕೂ 2025ರಲ್ಲಿ ಆಗಸ್ಟ್ 27ಕ್ಕೂ ಬಂತು. 2026ರಲ್ಲಿ ಅಧಿಕಮಾಸದ ಕಾರಣದಿಂದ ಮತ್ತೆ ಸೆಪ್ಟೆಂಬರ್ 14ಕ್ಕೆ ಸರಿಯುತ್ತದೆ. ರಂಜಾನ್ ತಿಂಗಳು ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. ಭಟ್ಕಳದ ಪೇಟೆಯಲ್ಲಿ ಖರ್ಜೂರ, ಬಟ್ಟೆ, ಅತ್ತರುಗಳ ವ್ಯಾಪಾರ ಅದನ್ನೇ ಹಿಂಬಾಲಿಸುತ್ತದೆ. ಕೇವಲ ತಾರೀಖುಗಳನ್ನು ಕಂಡ ಯಂತ್ರವು 2025ರ ಆಗಸ್ಟ್ ಕೊನೆಯಲ್ಲಿ ಬೆಲ್ಲ, ತೆಂಗಿನಕಾಯಿ ಬಹಳ ಹೋದವೆಂದು 2026ರಲ್ಲಿಯೂ ಆಗಲೇ ತರಿಸಲು ಹೇಳೀತು. ತಿಥಿಯ ಅಂಕಣವಿದ್ದರೆ ಆ ತಪ್ಪು ತಾನಾಗಿ ನಿವಾರಣೆಯಾಗುತ್ತದೆ. ಪಂಚಾಂಗವನ್ನು ಬಲ್ಲ ಅಜ್ಜನೂ ಲ್ಯಾಪ್‌ಟಾಪನ್ನು ಬಲ್ಲ ಮೊಮ್ಮಗನೂ ಒಂದೇ ಜಗಲಿಯಲ್ಲಿ ಕುಳಿತು ಮಾಡಬಹುದಾದ ಕೆಲಸವಿದು.

ಯಂತ್ರಕ್ಕೆ ಬಿಡಬಾರದ ಕೆಲಸವೊಂದನ್ನು ಇಲ್ಲಿಯೇ ಹೇಳಿಬಿಡುವುದು ಯುಕ್ತ: ಉದ್ರಿಯ ತೀರ್ಮಾನ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ಅರವತ್ತೊಂದು ದಿನಗಳಲ್ಲಿ ಮೀನುಗಾರರ ಮನೆಗಳಿಗೆ ಅಕ್ಕಿ, ಎಣ್ಣೆ, ಮಕ್ಕಳ ಪುಸ್ತಕ ಎಲ್ಲವೂ ಉದ್ರಿಯಲ್ಲಿಯೇ ಹೋಗಬೇಕು. ಆಗಸ್ಟಿನಲ್ಲಿ ದೋಣಿ ಇಳಿದು, ಬಂಗಡೆಯೋ ತಾರ್ಲೆಯೋ ಶೆಟ್ಲಿಯೋ ಬಲೆಗೆ ಬಿದ್ದ ಮೇಲೆ ಬಾಕಿ ತೀರುತ್ತದೆ. ತಲೆಮಾರುಗಳಿಂದ ಹೀಗೆ ನಡೆದುಬಂದಿದೆ. ಬಾಕಿಯ ದಿನಗಳನ್ನಷ್ಟೇ ಎಣಿಸುವ ಯಂತ್ರದ ದೃಷ್ಟಿಯಲ್ಲಿ ಈ ಮನೆಗಳೆಲ್ಲ ಸಾಲ ತೀರಿಸದವರ ಪಟ್ಟಿಗೆ ಸೇರುತ್ತವೆ. ಯಾರಿಗೆ ಉದ್ರಿ ಕೊಡಬೇಕು, ಯಾರ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕೆಂಬ ತೀರ್ಮಾನವನ್ನು ಅಂಗಡಿಯವನು ಇನ್ನೊಬ್ಬರ ಲೆಕ್ಕಾಚಾರಕ್ಕೆ ಒಪ್ಪಿಸಿದರೆ, ಮಳೆಗಾಲದಲ್ಲಿ ಒಂದು ಕೇರಿಯ ಅಡುಗೆಮನೆಗೆ ಕಷ್ಟ ಬರುತ್ತದೆ. ಗಿರಾಕಿಯೊಡನೆ ಇದ್ದ ನಂಟೂ ಕಡಿದುಹೋಗುತ್ತದೆ. ಅಂತೆಯೇ, ಉದ್ರಿಯ ಪುಸ್ತಕದ ಚಿತ್ರ ತೆಗೆದು ಯಾವುದೋ ಉಚಿತ ಆ್ಯಪಿಗೆ ಹಾಕುವುದೂ ಕೂಡದು. ಯಾರ ಮನೆಯ ಬಾಕಿ ಎಷ್ಟೆಂಬುದು ಅಂಗಡಿಯವನನ್ನು ನಂಬಿ ಹೇಳಿದ ಗುಟ್ಟು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇದನ್ನು ಕಾನೂನಿನ ಮಾತಾಗಿಯೂ ಮಾಡಿದೆ.

ಭಾಷೆಯ ಪ್ರಶ್ನೆ ಇನ್ನೂ ಉಳಿದಿದೆ. ಗಣಕಯಂತ್ರದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಯೂನಿಕೋಡಿನ ಸಾಮಾನ್ಯ ಬಳಕೆಯ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಈ ಬುದ್ಧಿಯಂತ್ರಗಳಲ್ಲಿ ಅನೇಕವು ಕನ್ನಡ ಪದವನ್ನು ಇಂಗ್ಲಿಷ್ ಪದಕ್ಕಿಂತ ಹೆಚ್ಚು ಚೂರುಗಳಾಗಿ ಒಡೆದು ಓದುತ್ತವೆ. ಚೂರಿನ ಲೆಕ್ಕದಲ್ಲಿ ಬೆಲೆ ಕಟ್ಟುವವರ ಸೇವೆಯನ್ನು ಕನ್ನಡದಲ್ಲಿ ಬಳಸಿದರೆ ಅದೇ ಮಾತಿಗೆ ಹೆಚ್ಚು ಹಣ ತೆರಬೇಕಾಗುತ್ತದೆ. ಇದು ಅನ್ಯಾಯವೇ ಸರಿ. ಇದನ್ನು ಸರಿಪಡಿಸುವ ಪ್ರಯತ್ನಗಳೂ ನಡೆದಿವೆ: ಮದರಾಸಿನ ಐಐಟಿಯ ಎಐ4ಭಾರತ್ ಬಳಗವು ಭಾರತೀಯ ಭಾಷೆಗಳಿಗಾಗಿ ಅನುವಾದ ಮತ್ತು ಧ್ವನಿಯ ಸಾಧನಗಳನ್ನು ಮುಕ್ತವಾಗಿ ಒದಗಿಸಿದೆ, ಕೇಂದ್ರ ಸರಕಾರದ ಭಾಷಿಣಿ ಯೋಜನೆಯು 2022ರ ಜುಲೈಯಲ್ಲಿ ಆರಂಭವಾಯಿತು, ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆಯು ಕರ್ನಾಟಕದ ಹಳ್ಳಿಗಳ ಜನರಿಗೆ ಸಂಭಾವನೆ ಕೊಟ್ಟು ಅವರ ಕನ್ನಡದ ಮಾತನ್ನು ಧ್ವನಿಮುದ್ರಿಸಿದೆ. ಆದರೆ ದಕ್ಷಿಣದ ಹಳ್ಳಿಯ ಕನ್ನಡವನ್ನು ಕೇಳಿ ಕಲಿತ ಯಂತ್ರಕ್ಕೆ ನಮ್ಮ ಹಾಲಕ್ಕಿಯವರ, ಹವ್ಯಕರ, ನಾಮಧಾರಿಗಳ ಮಾತು, ಕೊಂಕಣಿ, ನವಾಯತಿಗಳ ಬೆರಕೆಯುಳ್ಳ ಪೇಟೆಯ ಮಾತು ತಾನಾಗಿ ತಿಳಿಯುವುದಿಲ್ಲ. ನೊಗಲಿಯೆಂದರೆ ಮೀನೆಂಬುದನ್ನು ಅದಕ್ಕೆ ನಾವೇ ಹೇಳಿಕೊಡಬೇಕು.

ಅದನ್ನು ಒಬ್ಬೊಬ್ಬ ಅಂಗಡಿಯವನು ತಾನು ತಾನೇ ಹೇಳಿಕೊಡುತ್ತ ಕೂರಲಾರನು. ಇಲ್ಲಿ ನಮಗೆ ನಮ್ಮವರದೇ ಮೇಲ್ಪಂಕ್ತಿಯಿದೆ. ಇದೇ ಶಿರಾಲಿಯ ಚಿತ್ರಾಪುರ ಮಠದ ಶಿಷ್ಯಸಮುದಾಯಕ್ಕೆ ಸೇರಿದ ವಕೀಲ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು, 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದು ಎರಡು ವರ್ಷಗಳ ಬಳಿಕ, 1906ರಲ್ಲಿ, ಮುಂಬಯಿಯಲ್ಲಿ ತಮ್ಮ ಗುರುಸಮಾನರಾದ ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಇಂದಿನ ಎಸ್‌ವಿಸಿ ಬ್ಯಾಂಕು ಅದೇ. ಸಣ್ಣ ಸಂಬಳದ ಗುಮಾಸ್ತನೊಬ್ಬನಿಗೆ ಒಂಟಿಯಾಗಿ ಎಂದಿಗೂ ನಿಲುಕದಿದ್ದ ಬ್ಯಾಂಕೆಂಬ ಸಾಧನವು ನೂರು ಮಂದಿ ಕೂಡಿದಾಗ ಅವರ ಸ್ವಂತದ್ದಾಯಿತು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಅಂಗಡಿಯ ಬಾಗಿಲಿಗೇ ಬಂದು ಸಂಗ್ರಹಿಸಿತು. ದೊಡ್ಡ ಸಾಧನವನ್ನು ಚಿಕ್ಕವರ ಬಾಗಿಲಿಗೆ ಒಯ್ಯುವ ವಿದ್ಯೆಯನ್ನು ಈ ಕರಾವಳಿಯು ನೂರು ವರ್ಷಗಳಿಂದ ಬಲ್ಲುದು.

ಆ ವಿದ್ಯೆಯನ್ನೇ ಈಗಲೂ ಪ್ರಯೋಗಿಸಬೇಕೆಂಬುದು ನನ್ನ ಇಂದಿನ ಮಾತಿನ ತಾತ್ಪರ್ಯ. 2022ರ ಜೂನ್‌ನಲ್ಲಿ ಕೇಂದ್ರ ಸರಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವುದಕ್ಕಾಗಿ 2,516 ಕೋಟಿ ರೂಪಾಯಿಯ ಯೋಜನೆಯನ್ನು ಅಂಗೀಕರಿಸಿತು. ಸಂಘದ ಕಚೇರಿಗೆ ಗಣಕಯಂತ್ರ ಬಂದ ಮೇಲೆ ಅದು ಸಂಘದ ಲೆಕ್ಕಕ್ಕೆ ಮಾತ್ರ ಏಕೆ ಮೀಸಲಾಗಬೇಕು? ಹತ್ತು ಇಪ್ಪತ್ತು ಅಂಗಡಿಗಳು, ನಾಲ್ಕಾರು ಗೃಹೋದ್ಯಮಗಳು ಕೂಡಿ, ನಮ್ಮ ಕಾಲೇಜುಗಳಿಂದ ಬಿಸಿಎ ಮುಗಿಸಿ ಬೆಂಗಳೂರಿನ ಬಸ್ಸಿಗೆ ಕಾಯುತ್ತಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸಂಬಳದ ಮೇಲೆ ಇಟ್ಟುಕೊಳ್ಳಬಹುದು. ಮೀನು, ಅಡಿಕೆ, ಅಳತೆ, ತಿಂಡಿಗಳ ನಮ್ಮ ಹೆಸರುಗಳ ಪಟ್ಟಿಯನ್ನು ಆ ವ್ಯಕ್ತಿ ಸಿದ್ಧಪಡಿಸಿ ಎಲ್ಲ ಸದಸ್ಯರಿಗೂ ಕೊಡಬೇಕು; ವಾರಕ್ಕೊಮ್ಮೆ ಅಂಗಡಿಗೆ ಹೋಗಿ ಕಿರ್ದಿಯನ್ನು ನೋಡಬೇಕು; ಯಂತ್ರ ಮಾಡಿದ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆ ತಪ್ಪುಗಳ ಪುಸ್ತಕವು ಮುಂದೆ ಸೇರುವ ಸದಸ್ಯನಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸೇವೆಯ ಚಂದಾವನ್ನು ಸಂಘವೇ ಕೊಂಡು ಹಂಚಿದರೆ ಒಬ್ಬೊಬ್ಬರ ಪಾಲಿಗೆ ಬೀಳುವ ಖರ್ಚು ಕಡಿಮೆಯಾಗುವುದು ಮಾತ್ರವಲ್ಲದೆ, ಊರಿನ ಲೆಕ್ಕ ಊರಿನಲ್ಲಿಯೇ ಉಳಿಯುವಂತೆ ಕರಾರು ಮಾಡಿಕೊಳ್ಳುವ ಶಕ್ತಿಯೂ ಬರುತ್ತದೆ. ಒಂಟಿ ಅಂಗಡಿಯವನ ಮಾತಿಗೆ ಯಾವ ಸಂಸ್ಥೆಯೂ ಕರಾರನ್ನು ಬದಲಿಸಲಾರದು.

ಯುಪಿಐ 2016ರಲ್ಲಿ ಬಂದಾಗಲೂ ನಮ್ಮ ವರ್ತಕರು ಸಂಶಯದಿಂದಲೇ ನೋಡಿದರು. ಗಲ್ಲೆಯ ಮೇಲೆ ಕುಳಿತ ಪುಟ್ಟ ಪೆಟ್ಟಿಗೆಯು ಇಷ್ಟು ರೂಪಾಯಿ ಬಂತೆಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳತೊಡಗಿದ ಮೇಲೆ ಮೀನುಪೇಟೆಯ ಹೆಂಗಸರೂ ಅದನ್ನು ನಂಬಿದರು. ಒಂದೇ ಪ್ರಶ್ನೆಗೆ, ತಿಳಿಯುವ ಮಾತಿನಲ್ಲಿ, ಪರೀಕ್ಷಿಸಿ ನೋಡಬಹುದಾದ ಉತ್ತರವನ್ನು ಕೊಟ್ಟದ್ದರಿಂದಲೇ ಅದು ಗೆದ್ದಿತು. ಕೃತಕ ಬುದ್ಧಿಮತ್ತೆಯನ್ನು ನಮ್ಮಲ್ಲಿಗೆ ತಂದು ಮಾರುವವರನ್ನೂ ನಾವು ಅದೇ ಅಳತೆಯಿಂದ ಅಳೆಯೋಣ.

ಸಹಕಾರಿ ಸಂಘಗಳ ಆಡಳಿತ ಮಂಡಲಿಗಳಲ್ಲಿ ಇರುವ ಹಿರಿಯರು ಅನೇಕರು ಈ ಸಭೆಯಲ್ಲಿ ಕುಳಿತಿದ್ದೀರಿ. ಬರುವ ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯ ವಿಷಯಪಟ್ಟಿಯಲ್ಲಿ ಇದನ್ನೂ ಒಂದು ವಿಷಯವಾಗಿ ಸೇರಿಸಬೇಕೆಂದು ನಿಮ್ಮಲ್ಲಿ ವಿನಂತಿಸುತ್ತೇನೆ. ಅಂಗಡಿಯ ಬಂಧುಗಳಲ್ಲಿ ನನ್ನ ಕೋರಿಕೆ ಅದಕ್ಕಿಂತ ಸಣ್ಣದು: ಬರುವ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ವಹಿಯನ್ನು ತೆರೆಯುವಾಗ ಅದರಲ್ಲಿ ತಿಥಿಗೂ ದಿನದ ಮಾರಾಟಕ್ಕೂ ಒಂದೊಂದು ಅಂಕಣ ಎಳೆದು, ಮಾರನೆಯ ದಿನದಿಂದಲೇ ಬರೆಯತೊಡಗಿರಿ.